ಶಾಂತವ್ವನ ಮಣ್ಣಿನ ಫೋಟೋ

“ಎಷ್ಟು ಲಕ್ಷಣವಾಗಿದಾಳೆ ಮದುಮಗಳು. ಪಾಪ, ಫೋಟೋ ತೆಗೆಯೋ ಹೊತ್ತಿಗೇ ಕಣ್ಣು ಮುಚ್ಚಿಬಿಟ್ಟಿದಾಳೆ,” ಗೋಡೆಯ ಮೇಲಿನ ಫೋಟೋ ನೋಡಿ ಅಂದೆ.

“ಲಗ್ನದ್ದಲ್ರಿ ಅಕ್ಕೋರ, ಮಣ್ಣಿಂದು,” ಅಂದಳು ನೀಲವ್ವ. “ನನ್ನ ಮಗಳು ಶಾಂತವ್ವ. ಕಾಮಣಿ ಆಗಿ ಹೋದ್ಲು.”

ಅಣ್ಣಿಗೇರಿಯ ಬಾಡಿಗೆ ಮನೆಗೆ ಕಾಲಿಟ್ಟ ದಿನ ಮನೆಯೊಡತಿಯ ಮುಂದೆ ನಾನಾಡಿದ ಮೊದಲ ಮಾತು ಇದು. ಅಲ್ಲಿ ಮಣ್ಣು ಅಂದರೆ ಶವಸಂಸ್ಕಾರ, ಕಾಮಣಿ ಅಂದರೆ ಕಾಮಾಲೆ. ನಂಜನಗೂಡಿನ ನಮ್ಮ ಮನೆಯಲ್ಲಿ ಹೆಣವನ್ನು ಮಲಗಿಸುತ್ತೇವೆ, ಸುಡುತ್ತೇವೆ. ಅದರ ಮುಂದೆ ಯಾರಾದರೂ ಕ್ಯಾಮೆರಾ ಹಿಡಿದರೆ ಹೊಡೆದೇ ಬಿಟ್ಟಾರು. ಅಲ್ಲಿಯ ಲಿಂಗವಂತರು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹೊಸ ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಂಡ ಮೇಲೆ ಹೂಳುವುದು. ಎಷ್ಟೋ ಹೆಂಗಸರಿಗೆ ಅದೊಂದೇ ಫೋಟೋ.

ಎಂಬತ್ತರ ದಶಕ ಅದು. ಹಳ್ಳಿಮನೆಗಳ ಹಳೆಯ ಫೋಟೋ, ಕಾಗದಗಳನ್ನು ಕೇಳಿ ತಂದು ಪತ್ರಾಗಾರಕ್ಕೆ ಸೇರಿಸುವ ನೌಕರಿ ನನ್ನದು. ಸಂಶಿ, ತಂಬೂರ ಎಂದು ಬಸ್ಸು ಹತ್ತಿ ಇಳಿದದ್ದೇ ಇಳಿದದ್ದು. ಅರಿಶಿನ ಹಚ್ಚಿದ ಲಗ್ನದ ಕಾಗದಗಳು ಕಟ್ಟುಗಟ್ಟಲೆ ಸಿಗುತ್ತಿದ್ದವು. ಸಾವಿನ ಸುದ್ದಿಯದು ಒಂದೂ ಇಲ್ಲ. ಆ ಕಾರ್ಡನ್ನು ಹೊಸ್ತಿಲಾಚೆಯೇ ಓದಿ ಹರಿದು ಬಿಸಾಡುತ್ತಿದ್ದರು. ಸತ್ತವರು ಉಳಿದಿದ್ದು ಫೋಟೋಗಳಲ್ಲಿ ಮಾತ್ರ. ದಿನವಿಡೀ ಆ ಮುಖಗಳನ್ನು ನೋಡಿ ಬಂದು ನನ್ನ ಖಾಲಿ ಕೋಣೆಯ ಬೀಗ ತೆಗೆಯುವಾಗ ಅಳು ಬರುತ್ತಿತ್ತು.

ಮುದ್ದೆ ನುಂಗಿ ಬೆಳೆದ ಗಂಟಲಿಗೆ ಜೋಳದ ರೊಟ್ಟಿ ಇಳಿಯುತ್ತಿರಲಿಲ್ಲ. ನೀರು ಬೇರೆ ಸವಳು, ಉಪ್ಪುಪ್ಪು. “ಅಮ್ಮಾ” ಎಂದು ಕರೆದರೆ ನೀಲವ್ವ, “ನಾ ಏನ್ ಮುದುಕೇನ್ರಿ? ಅವ್ವಾ ಅನ್ರಿ,” ಎಂದು ಗದರುತ್ತಿದ್ದಳು. ಅಲ್ಲಿ ಅಮ್ಮ ಎಂದರೆ ಅಜ್ಜಿ. ಸಂಜೆ ಬಿಸಿ ರೊಟ್ಟಿ ತಟ್ಟಿ, ಎದುರು ಕೂರಿಸಿಕೊಂಡು, ಮುಖ ನೋಡುತ್ತ ಉಣ್ಣಿಸುತ್ತಿದ್ದಳು. ಅದೊಂದು ಹೊತ್ತಿಗಾಗಿ ನಾನು ದಿನ ದೂಡುತ್ತಿದ್ದೆ.

ಅವಳಿಗಿದ್ದುದು ಒಂದೇ ಹಂಬಲ: ಮಗಳು ಕಣ್ಣು ತೆರೆದಿರುವ ಫೋಟೋ ಬೇಕು. ಹುಬ್ಬಳ್ಳಿಯಲ್ಲಿ ಹಳೆಯ ಫೋಟೋದ ಪ್ರತಿ ತೆಗೆದು, ಅದರ ಮೇಲೆ ಕುಂಚದಲ್ಲಿ ಕಣ್ಣು ಬರೆದುಕೊಡುವ ಸ್ಟುಡಿಯೋ ಇತ್ತು. ಒಂದು ರಜೆಯ ದಿನ ಇಬ್ಬರೂ ರೈಲು ಹತ್ತಿ ಹೋದೆವು.

“ಕಣ್ಣು ಹ್ಯಾಂಗಿದ್ದುವ್ರಿ?” ಸ್ಟುಡಿಯೋದವನು ಕೇಳಿದ.

ನೀಲವ್ವ ಸೆರಗಿನಲ್ಲಿ ಮುಖ ಒತ್ತಿಕೊಂಡಳು. “ದಿನಾ ನೋಡಿದ ಕಣ್ಣರಿ. ನೆನಪಾಗವಲ್ದು.” ಆಮೇಲೆ ನನ್ನತ್ತ ತಿರುಗಿದಳು. “ಇವರು ಅಕಿ ವಾರಿಗೀಯವರ ಅದಾರ. ಇವರ ಕಣ್ಣ ನೋಡಿ ತಗೀರಿ.”

ವಾರಿಗೆ, ಅಂದರೆ ಒಂದೇ ವಯಸ್ಸು. ನಮ್ಮಿಬ್ಬರಿಗೆ ಇದ್ದ ಹೋಲಿಕೆ ಅಷ್ಟೇ. ಆ ಮುಖ ನೋಡಿ ಬೇಡ ಅನ್ನುವುದಾದರೂ ಹೇಗೆ? ಕಿಟಕಿಯ ಬೆಳಕಿಗೆ ಮುಖ ಮಾಡಿ ಕುಳಿತೆ. ಅವನು ನನ್ನ ಕಣ್ಣು ನೋಡಿ ಹೆಣಕ್ಕೆ ಕಣ್ಣು ಬರೆದ.

ಕಣ್ಣು ತೆರೆದ ಫೋಟೋವನ್ನು ಗೋಡೆಗೆ ತೂಗುಹಾಕಿದ ದಿನ ನೀಲವ್ವ ಬಹಳ ಹೊತ್ತು ಎದುರು ನಿಂತಳು. “ಈಗ ನೋಡ್ತಾಳ ನೋಡ್ರಿ,” ಅಂದಳು. ಮೊದಲಿನ ಫೋಟೋ ತಂದು ನನ್ನ ಕೈಗಿಟ್ಟಳು. “ನಿಮ್ಮ ಆಫೀಸಿಗೆ ಒಯ್ರಿ. ಇದರಾಗ ಅಕಿ ಸತ್ತಾಳ.”

ಅಂದಿನಿಂದ ಊಟದ ಹೊತ್ತಿಗೆ ಅವಳು ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದಳು. ಎಮ್ಮೆ ಈದದ್ದು, ಜೋಳ ಕಾಳು ಕಟ್ಟಿದ್ದು, ಎಲ್ಲ ಮಾತೂ ಅತ್ತಲೇ. ನನ್ನ ತಟ್ಟೆಗೆ ರೊಟ್ಟಿ ತಪ್ಪಲಿಲ್ಲ, ಆದರೆ ಉಂಡೆನೋ ಬಿಟ್ಟೆನೋ ನೋಡುವವರಿರಲಿಲ್ಲ. ಬಂದ ನೆಂಟರೆಲ್ಲ, “ಥೇಟ್ ಶಾಂತೀ ಕಣ್ಣ,” ಎಂದು ಕಣ್ಣೊರೆಸಿಕೊಂಡು ಹೋದರು. ನಾನು ಅಲ್ಲೇ ಕುಳಿತಿದ್ದೆ, ಒಬ್ಬರೂ ನನ್ನ ಮುಖ ನೋಡಲಿಲ್ಲ.

ಕೊನೆಗೆ ಮೈಸೂರಿಗೆ ವರ್ಗವಾಯಿತು. “ಹೋಗಿ ಬರ್ತೀನವ್ವಾ,” ಎಂದೆ. ನೀಲವ್ವ ಅಳಲಿಲ್ಲ. “ಹೋಗಿ ಬರ್ರಿ ಅಕ್ಕೋರ. ನನ್ನ ಮಗಳು ಅದಾಳಲ್ರಿ ನನ್ನ ಕೂಡ,” ಅಂದಳು.

ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ನನ್ನ ಕಣ್ಣು ಆ ಮನೆಯ ಮಗಳಾಗಿತ್ತು. ನಾನು ಬಾಡಿಗೆಯವಳಾಗಿಯೇ ಟ್ರಂಕು ಎತ್ತಿಕೊಂಡು ಹೊರಬಿದ್ದೆ.