ಚೀಲದ ತಳದ ಹಣ್ಣು

ಇಂಡಿ ಊರಿನ ನಿಂಬೆಹಣ್ಣಿನ ಪೇಟೆಯಲ್ಲಿ ನನ್ನ ಅಪ್ಪ ಖರೀದಿದಾರ. ಚೀಲದ ಬಾಯಿ ಬಿಚ್ಚಿದಾಗ ಮೇಲೆ ಮಿರುಗುವ ಹಣ್ಣು ಅಪ್ಪನ ಕಣ್ಣಿಗೆ ಬೀಳುವುದೇ ಇಲ್ಲ. ಅಂಗಿಯ ತೋಳು ಮಡಚಿ, ಮೊಣಕೈತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ ತೆಗೆದು ನೋಡಿದ ಮೇಲೆಯೇ ಮಾತು. ನಾನೀಗ ಸಿಂದಗಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಇಂಥ ಅಪ್ಪನ ಮಗಳಾಗಿಯೂ ನಾನು ಮಾಡಿದ ತಪ್ಪು ಕೇಳಿದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ.

ಆಗ ಡಿಗ್ರಿ ಎರಡನೆಯ ವರ್ಷ. ತಾಂಬಾ ಹತ್ತಿರದ ನಮ್ಮೂರಲ್ಲಿ ಅರ್ಧ ಜನ ಊರೊಳಗೆ, ಉಳಿದವರು ಹೊಲದಲ್ಲೇ ಮನೆ ಕಟ್ಟಿಕೊಂಡು ತೋಟದ ವಸ್ತಿಗಳಲ್ಲಿ. ವಸ್ತಿಯ ಮಕ್ಕಳಿಗೆ ಬೆಳಿಗ್ಗೆ ಶಾಲೆಗೆ ಬರಲು ಟೆಂಪೊ ಬೇಕು ಎಂಬ ಮಾತು ಎದ್ದಿತ್ತು. ನಿಂಬೆಹಣ್ಣು ಹೇರುವ ಟೆಂಪೊ ಇದ್ದ ಹಿರಿಯರೊಬ್ಬರು ಅದಕ್ಕೆ ಒಪ್ಪಬೇಕಿತ್ತು. "ಮಕ್ಕಳು ಸಾಲಿಗಿ ಬರಾಕ ಎಷ್ಟ ಹೊತ್ತ ಹಿಡೀತೈತಿ, ಲೆಕ್ಕಾ ಮಾಡಿ ತಾ ತಂಗಿ. ನೀ ಅದನ್ನ ಓದಾಕತ್ತೀಯಲ್ಲ," ಎಂದರು. ನನಗೆ ಕೋಡು ಮೂಡಿದವು.

ಬರೆದುಕೊಳ್ಳಲು ವಹಿ ಹಿಡಿದು ಹೊರಟೆ. ನಮ್ಮ ಕಡೆ ಮನೆಗೆ ಬಂದವರನ್ನು ಚಹಾ ಕುಡಿಸದೆ ಕಳಿಸುವವರು ಯಾರಿದ್ದಾರೆ? ಒಲ್ಲೆ ಅಂದರೆ "ಯಾಕ, ನಮ್ಮ ಮನಿ ಚಾ ನಡಿಯೂದಿಲ್ಲೇನ?" ಎಂದು ಸಿಟ್ಟು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕಪ್ ಚಹಾ ಹೊಟ್ಟೆಯಲ್ಲಿ ಗುಳುಗುಳು ಅನ್ನುತ್ತಿತ್ತು. ಮುಗಿದದ್ದು ಊರಬಾಗಿಲಿನ ಅಗಸಿಯಿಂದ ಶಾಲೆಯವರೆಗಿನ ದೊಡ್ಡ ಓಣಿ ಮಾತ್ರ. ಕೆಲವರನ್ನು ಕೇಳಿ ಎಲ್ಲರನ್ನೂ ತಿಳಿಯುವುದಕ್ಕೇ ಮಾದರಿ ಎನ್ನುತ್ತಾರೆ ಎಂದು ಪುಸ್ತಕದಲ್ಲೇ ಇತ್ತಲ್ಲ! ಸಾಕು ಎಂದು ಕೂಡಿಸಿ ಭಾಗಿಸಿದೆ. ಸರಾಸರಿ ಎಂಟು ನಿಮಿಷ. "ಎಂಟ ಮಿನಿಟಿನ ದಾರಿಗಿ ಟೆಂಪೊ ಯಾಕವಾ?" ಎಂದು ಹಿರಿಯರು ಕೈ ಕೊಡವಿಬಿಟ್ಟರು.

ಮರುದಿನ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ಹಳ್ಳದಾಚೆಯ ಕುರಿಗಾರರ ವಸ್ತಿಯವಳು, ಏಳನೆಯ ತರಗತಿ. "ಅಕ್ಕಾರ, ಟೆಂಪೊ ಬರೂದಿಲ್ಲಂತ. ದೀಪಾವಳಿ ಸೂಟಿ ಆದ ಮ್ಯಾಲ ಸಾಲಿ ಬ್ಯಾಡ ಅಂದಾಳ ಅವ್ವ. ತಾಸಿಗಿಂತ ಹೆಚ್ಚಿನ ದಾರಿ, ಒಬ್ಬಾಕಿನ್ನ ಕಳಸಾಕ ಅಂಜಿಕಿ ಬರತೈತಂತ." ಅಷ್ಟು ಹೇಳಿ ಹೊರಟುಹೋದಳು. ಬೈದಿದ್ದರೆ ಎಷ್ಟೋ ಚಲೊ ಇತ್ತು.

ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. ನನ್ನ ವಹಿ ಎಳೆದುಕೊಂಡು ಮನೆಗಳ ಪಟ್ಟಿಯ ಮೇಲೆ ಬೆರಳಾಡಿಸಿದ. "ಎಲ್ಲಾ ದೊಡ್ಡ ಓಣಿಯವರ ಅದಾರಲ್ಲ. ಚೀಲದ ಮ್ಯಾಲಿನ ಹಣ್ಣ ಅಷ್ಟ ನೋಡಿ ಬಂದಿ ಬಿಡವಾ! ನನ್ನ ಮಗಳ ಹೌದೋ ಅಲ್ಲೋ ನೀ?" ಮುಖಕ್ಕೆ ಹೊಡೆದ ಹಾಗಾಯಿತು. ನಾಚಿಕೆಯಿಂದ ಅತ್ತೆ. ಸಿಟ್ಟೂ ಬಂತು, ನನ್ನ ಮೇಲೆಯೇ. ಶಾಲೆಯ ಒಂದು ಮಗುವನ್ನೂ ಬಿಡದೆ ಬರೆಯದಿದ್ದರೆ ಸಂಖ್ಯಾಶಾಸ್ತ್ರದ ಪುಸ್ತಕ ಮತ್ತೆ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ.

ಒಂದು ವಾರ ಬದುವಿನ ಮೇಲೆ, ಜಾಲಿಮುಳ್ಳಿನಲ್ಲಿ, ಕಬ್ಬಿನ ನಡುವೆ ಅಲೆದೆ. ವಸ್ತಿಯ ನಾಯಿಗಳು ಅಟ್ಟಿಸಿಕೊಂಡು ಬಂದವು. ಚಹಾ ಅಲ್ಲೂ ತಪ್ಪಲಿಲ್ಲ. ಹಾಜರಿ ಪಟ್ಟಿಯ ಕೊನೆಯ ಹೆಸರಿಗೆ ಗುರುತು ಹಾಕಿದ ದಿನ ಲೆಕ್ಕಕ್ಕೆ ಕೂತೆ. ಸರಾಸರಿ ಇಪ್ಪತ್ತನಾಲ್ಕು ನಿಮಿಷ. ಎಲ್ಲ ಮಕ್ಕಳನ್ನೂ ದೂರದ ಪ್ರಕಾರ ಸಾಲಾಗಿ ಬರೆದರೆ ನಟ್ಟನಡುವೆ ಬರುವ ಮಗುವಿನದು, ಅಂದರೆ ಮಧ್ಯಾಂಕ, ಹನ್ನೆರಡೇ ನಿಮಿಷ.

ಇಷ್ಟು ಅಂತರ ಯಾಕೆ? ಅಡುಗೆಮನೆಯಲ್ಲಿ ಅವ್ವ ಎರಡು ಸಲ ಊಟಕ್ಕೆ ಕರೆದಳು, ನಾನು ಏಳಲಿಲ್ಲ. ಆಮೇಲೆ ಹೊಳೆಯಿತು. ಸಾಲಿನ ತುದಿಯ ಮಕ್ಕಳು ಸರಾಸರಿಯನ್ನು ತಮ್ಮ ಕಡೆ ಎಳೆಯುತ್ತಿದ್ದರು. ಅವರು ಎಷ್ಟು ದೂರ ನಡೆದರೂ ಮಧ್ಯಾಂಕಕ್ಕೆ ತಾಗುತ್ತಲೇ ಇರಲಿಲ್ಲ. ಎರಡರಲ್ಲಿ ಯಾವುದನ್ನು ಹಿರಿಯರ ಮುಂದಿಟ್ಟರೂ ಆ ಹುಡುಗಿ ಮುಚ್ಚಿಹೋಗುತ್ತಾಳೆ. ಅಂಕಿ ಬೇಡ, ಸಾಲನ್ನೇ ತೋರಿಸುತ್ತೇನೆ ಎಂದುಕೊಂಡೆ.

ಮರುದಿನ ಶಾಲೆಯ ಗಂಟೆಗೆ ಮುಂಚೆ ಹಿರಿಯರನ್ನು ಶಾಲೆಯ ಅಂಗಳಕ್ಕೆ ಕರೆದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ, ಕಡಿಮೆ ನಡೆಯುವವರು ಮುಂದೆ, ಹೆಚ್ಚು ನಡೆಯುವವರು ಹಿಂದೆ. ತೀರ ಕೊನೆಗೆ ಸುಣ್ಣದ ಗೆರೆ ಎಳೆದು ಒಬ್ಬರ ಜಾಗ ಖಾಲಿ ಬಿಟ್ಟೆ.

"ಅಲ್ಲಿ ಯಾರು?" ಎಂದರು ಹಿರಿಯರು.

"ಆಕಿ ಇನ್ನಾ ಬರಾಕತ್ತಾಳ್ರಿ ಕಾಕಾ. ನಿಂದ್ರೂಣು."

ನಿಂತೆವು. ಮಕ್ಕಳು ಮೊದಲು ಗದ್ದಲ ಮಾಡಿದರು, ಆಮೇಲೆ ತಾವೇ ದಾರಿ ನೋಡತೊಡಗಿದರು. ಹಿರಿಯರು ಗಡಿಯಾರ ನೋಡಿಕೊಂಡರು, ರುಮಾಲು ಸರಿಮಾಡಿಕೊಂಡರು, "ಏನ ಹುಡುಗಾಟಿಕಿನವಾ ಇದು" ಎಂದು ಗೊಣಗಿದರು. ನಾನು ಜಗ್ಗಲಿಲ್ಲ.

ಹಳ್ಳದ ದಾರಿಯಲ್ಲಿ ಹುಡುಗಿ ಕಂಡಳು. ನಮ್ಮನ್ನು ನೋಡಿ ಓಡತೊಡಗಿದಳು. ಮೊಣಕಾಲತನಕ ಧೂಳು. ಗೆರೆಯ ಮೇಲೆ ಬಂದು ನಿಂತು, ಏದುಸಿರು ಬಿಡುತ್ತ, "ತಡಾ ಆತೇನ್ರಿ ಅಕ್ಕಾರ?" ಎಂದಳು.

ಹಿರಿಯರು ನನ್ನ ವಹಿ ಕೇಳಲಿಲ್ಲ. ಸಾಲಿನುದ್ದಕ್ಕೂ ನಡೆದು ಅವಳ ಮುಂದೆ ನಿಂತರು.

"ಮನಿ ಎಷ್ಟಕ್ಕ ಬಿಟ್ಟಿದ್ದೆವಾ?"

"ಏಳೂವರಿಗ್ರಿ."

"ರೊಟ್ಟಿ ತಿಂದಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಾಳಿಂದ ತಿಂದ ನಿಂದ್ರು. ಟೆಂಪೊ ನಿಮ್ಮ ವಸ್ತಿಯಿಂದನ ಹೊಂಡತೈತಿ."