ಒಗ್ಗರಣೆ ಇಲ್ಲದ ಮನೆ

ಸಾಸಿವೆ ಚಟಪಟ ಸಿಡಿದು ಇಂಗಿನ ವಾಸನೆ ಮೇಲೆದ್ದರೆ ಇವತ್ತಿಗೂ ನನ್ನ ಕೈ ತಾನಾಗಿ ನಡುಬಾಗಿಲು ಮುಚ್ಚಲು ಹೋಗುತ್ತದೆ. ಬಾಗಿಲಿನ ಆ ಕಡೆ ಈಗ ಯಾವ ಕೋಟೂ ಇಲ್ಲ. ತೊಂಬತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆ ಪೂರ್ತಿ ಮಂದಿಯ ಕೋಟುಗಳದ್ದಾಗಿತ್ತು. ಪೇಟೆಯ ಹಳೆಯ ಅಂಗಡಿಯೊಂದು ದೊಡ್ಡ ಮನುಷ್ಯರ ಅಳತೆ ತೆಗೆದು, ಕೈಯಲ್ಲೇ ಸೂಟು ಹೊಲಿದು ಕೊಡುತ್ತಿತ್ತು. ಕಾಜಾ ಹಾಕುವ ಕೆಲಸ ಮಾತ್ರ ಅವ್ವನನ್ನು ಹುಡುಕಿಕೊಂಡು ನಮ್ಮ ಮನೆಗೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಟೇಲರ್ ಆಗಿದ್ದ ಅಜ್ಜನ ಪಕ್ಕ ಕೂತು ಪಳಗಿದ ಕೈ ಅವಳದು. ರೇಷ್ಮೆ ದಾರಕ್ಕೆ ಜೇನುಮೇಣ ಸವರಿ, ಗುಂಡಿ ತೂರುವ ಸೀಳಿನ ಅಂಚಿಗೆ ಒತ್ತೊತ್ತಾಗಿ ಸಣ್ಣ ಗಂಟು ಕೂರಿಸುತ್ತ ಹೋದರೆ ಅವಳಿಗೆ ಹಸಿವೆಯ ನೆನಪೂ ಇರುತ್ತಿರಲಿಲ್ಲ.

ಉಣ್ಣೆ ಬಟ್ಟೆ ವಾಸನೆಯನ್ನು ಬೇಗ ಹಿಡಿಯುತ್ತದೆ, ಬೇಗ ಬಿಡುವುದಿಲ್ಲ. ಆದ್ದರಿಂದ ಕೋಟು ಮನೆಯಲ್ಲಿದ್ದಾಗ ಒಗ್ಗರಣೆ ಬಂದ್; ಬರೀ ಸಾರು ಕುದಿಯುವಾಗಲೂ ಅಡುಗೆಮನೆಯ ನಡುಬಾಗಿಲು ಮುಚ್ಚುವುದು ನನ್ನ ಕೆಲಸ. ಕೋಟು ಇಲ್ಲದ ದಿನವಾದರೂ ಎಲ್ಲಿತ್ತು? ಒಗ್ಗರಣೆ ಕಾಣದ ಸಾರನ್ನು ವರ್ಷಗಟ್ಟಲೆ ಉಂಡವರ ಸಂಕಟ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬಸ್ ಓಡಿಸಿ ದಣಿದು ಬಂದ ಅಪ್ಪ ಅನ್ನ ಕಲಸುತ್ತ, "ಇದೇನ ಆಸ್ಪತ್ರಿ ಊಟ ಆತಲ್ಲ" ಎಂದು ಗೊಣಗುತ್ತಿದ್ದ.

"ಇನ್ನ ಸ್ವಲ್ಪ ದಿನ ತಡೀರಿ. ಅಂಗಡ್ಯಾಗ ಮ್ಯಾಲಿನ ಖೋಲ್ಯಾಗ, ಕಿಡಕಿ ಹತ್ರ ಕುರ್ಚಿ ಕೊಡ್ತೀನಿ ಅಂತ ಮಾಲಕರು ಅಂದಾರ. ಆಮ್ಯಾಲೆ ಮನ್ಯಾಗ ಬೇಕಾದಷ್ಟ ಒಗ್ಗರಣಿ ಹಾಕ್ತೀನಿ" ಎನ್ನುತ್ತಿದ್ದಳು ಅವ್ವ. ಉಳಿದ ಕೆಲಸಗಾರರ ಸಾಲಿನಲ್ಲಿ, ಹಗಲು ಬೆಳಕಿನಲ್ಲಿ ತನಗೂ ಒಂದು ಕುರ್ಚಿ. ಅವಳು ಬೇರೇನನ್ನೂ ಕೇಳಿದವಳಲ್ಲ.

ಸಿದ್ಧವಾದ ಕೋಟುಗಳನ್ನು ಒಯ್ಯಲು ಅಂಗಡಿಯ ಯಜಮಾನನೇ ಕಾರಿನಲ್ಲಿ ಬರುತ್ತಿದ್ದ. ಕೋಟನ್ನು ಎತ್ತಿ ಮೊದಲು ಮೂಗಿಗೆ ಹಿಡಿಯುತ್ತಿದ್ದ. ಕನ್ನಡಕ ಏರಿಸಿ ಕಾಜಾ ನೋಡುತ್ತಿದ್ದದ್ದು ಆಮೇಲೆ. "ಲವ್ಲಿ" ಎನ್ನುತ್ತಿದ್ದ. ಕೋಟು ಪರೀಕ್ಷೆ ಮಾಡುವ ಕ್ರಮವೇ ಹಾಗೆಂದು ಸಣ್ಣವಳಾದ ನಾನು ನಂಬಿದ್ದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಕೊನೆಯ ಸಲವೂ ಅವನು ಮೂಸಿದ, ನೋಡಿದ, ಹೊಗಳಿದ. ಕೋಟುಗಳನ್ನು ತೋಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, ಕಾಜಾ ಹಾಕಲು ಮಷೀನ್ ತರಿಸಿದ್ದೇವೆ, ಇನ್ನು ಮನೆಗೆ ಕೆಲಸ ಬರುವುದಿಲ್ಲ ಎಂದ. ಅವ್ವ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಅಪ್‌ಸ್ಟೇರ್ಸ್ ಚೇರ್, ಸರ್?" ಎಂದು ಕೇಳಿದಳು. ಮಷೀನನ್ನು ಆ ಕಿಟಕಿಯ ಹತ್ತಿರವೇ ಇಟ್ಟಿದ್ದೇವೆ, ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಹೇಳಿ ಹೊರಟುಹೋದ.

ಆ ಸಂಜೆ ಅವ್ವ ನಡುಬಾಗಿಲು ತೆರೆದಿಟ್ಟೇ ಒಲೆ ಹಚ್ಚಿದಳು. ಸಾಸಿವೆ, ಇಂಗು, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಖಾಲಿ ಹ್ಯಾಂಗರುಗಳು ತೂಗುತ್ತಿದ್ದ ಕೋಣೆಯ ತುಂಬ ಘಾಟು ಹಬ್ಬಿತು. ಅಷ್ಟರಲ್ಲಿ ಅಪ್ಪ ಬಂದ. ಹೊಸ್ತಿಲಲ್ಲೇ ನಿಂತು ಎದೆ ತುಂಬ ವಾಸನೆ ಎಳೆದುಕೊಂಡ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಏನ, ಕುರ್ಚಿ ಸಿಕ್ತೇನ?" ಎಂದ.

ಅವ್ವ ತಟ್ಟೆ ಹಾಕಿದಳು. ಈಗ ಇಬ್ಬರೂ ಇಲ್ಲ. ನಾನು ಒಗ್ಗರಣೆ ಹಾಕಿದಾಗಲೆಲ್ಲ ಅಪ್ಪ ಹೊಸ್ತಿಲಲ್ಲಿ ನಿಂತು ಅದನ್ನೇ ಕೇಳುತ್ತಾನೆ.