ಹದಿನಾಲ್ಕನೇ ಫ್ಯಾನಿಗೆ ಬಂದ ಆದೇಶ

ಎಲ್ಲರೂ ಮಾಸ್ಕ್ ಕಳಚಿ ನಿರಾಳವಾಗಿದ್ದ ವರ್ಷ ಅದು. ಹೊಸದುರ್ಗ ತಾಲ್ಲೂಕಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಡೆಸುವ ಒಂದು ಖಾಸಗಿ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ನಾನು ಹಿರಿಯ ಎಂಜಿನಿಯರ್. ಊರಿನವರು ಈ ಯಂತ್ರಗಳನ್ನು ಫ್ಯಾನು ಎನ್ನುತ್ತಾರೆ. ನಮಗೂ ಅದೇ ರೂಢಿಯಾಗಿತ್ತು. ಪ್ರತಿ ಫ್ಯಾನಿನ ಬುಡದಲ್ಲಿ ಒಂದು ಕಂಟ್ರೋಲರ್, ಅದರೊಳಗೊಂದು ಪುಟ್ಟ ವೆಬ್ ಸರ್ವರ್. ಬ್ರೌಸರಿನಲ್ಲಿ ವಿಳಾಸ ಕೊಟ್ಟರೆ ಒಂದು ಪುಟ ತೆರೆಯುತ್ತಿತ್ತು. ಗಾಳಿಯ ವೇಗ, ಸ್ಟಾರ್ಟ್, ಸ್ಟಾಪ್ ಎಲ್ಲವೂ ಅದರಲ್ಲೇ.

ಆ ಸರ್ವರಿನ ತಂತ್ರಾಂಶದಲ್ಲಿ ದೋಷವಿದೆ, ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ತಯಾರಕರಿಂದ ಸೂಚನೆ ಬಂದಿತ್ತು. ಹಾಕಬೇಕೆಂದರೆ ಫ್ಯಾನುಗಳನ್ನು ಒಂದೊಂದಾಗಿ ನಿಲ್ಲಿಸಬೇಕು. ಮ್ಯಾನೇಜರ್ ಒಪ್ಪಲಿಲ್ಲ.

"ಆಷಾಢ ಕಳೀಲಿ ಮೇಡಂ. ಇಂಥಾ ಗಾಳೀಲಿ ಯಾರಾದ್ರೂ ಫ್ಯಾನ್ ನಿಲ್ಲಿಸ್ತಾರಾ?"

ನಮ್ಮ ಕಡೆ ಆಷಾಢದ ಗಾಳಿಯೇ ಕಂಪನಿಗೆ ವರ್ಷದ ಬೆಳೆ. ಸಾಲದ್ದಕ್ಕೆ, ಹೊಳಲ್ಕೆರೆಯ ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ನೋಡಬೇಕೆಂದು ಅವರು ಆ ಪುಟಗಳನ್ನು ಇಂಟರ್ನೆಟ್ಟಿಗೆ ತೆರೆಸಿದ್ದರು. ನನ್ನ ಬಾಯಿ ಜೋರು, ಆಫೀಸಿಗೆಲ್ಲ ಗೊತ್ತು. ಜಗಳವಾಡಿದೆ, ಮೇಲ್ ಬರೆದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಹದಿನಾಲ್ಕನೇ ಫ್ಯಾನಿನಲ್ಲಿ ಕರಕರ ಸದ್ದು ಬಂತೆಂದು ಅದನ್ನು ನಿಲ್ಲಿಸಿದೆವು. ಮಾಡದಕೆರೆಯ ತಿಪ್ಪೇಸ್ವಾಮಿ, ನಮ್ಮ ಟೆಕ್ನೀಷಿಯನ್, ಮೇಲೆ ಹತ್ತಿದ. ಅವನ ಜೊತೆಗಾರ ಓಬಳೇಶ ಬುಡದಲ್ಲಿ ಕಾವಲಿಗೆ ನಿಂತ. ಮೇಲೆ ತಿರುಗುವ ಭಾಗಕ್ಕೆ ದಪ್ಪ ಉಕ್ಕಿನ ಪಿನ್ನು ತೂರಿಸಿ ಬಿಗಿದ ಮೇಲೆಯೇ ರಿಪೇರಿ ಶುರು. ಆದರೆ ಆ ಪಿನ್ನಿನ ತೂತಿನಲ್ಲಿರುವ ಗ್ರೀಸು ಒರೆಸಲು ಮೊದಲು ಒಳಗೆ ಕೈ ಹಾಕಲೇಬೇಕು. ಅಷ್ಟು ಹೊತ್ತು ಆ ಕೈಯನ್ನು ಕಾಯುವುದು ಬ್ರೇಕ್ ಒಂದೇ.

ಆಗಲೇ ನನ್ನ ಪರದೆಯಲ್ಲಿ ಹದಿನಾಲ್ಕರ ಸ್ಥಿತಿ 'ಸ್ಟಾರ್ಟ್' ಎಂದು ಬದಲಾಯಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಹತ್ತುವ ಮೊದಲು ಬುಡದಲ್ಲಿ ರಿಪೇರಿ ಸ್ವಿಚ್ ಹಾಕಿದ್ದರಿಂದ ಪುಟದಲ್ಲಿದ್ದ ಸ್ಟಾರ್ಟ್ ಬಟನ್ ಮಸುಕಾಗಿಯೇ ಇತ್ತು. ಸ್ಟಾಪ್ ಒತ್ತಿದೆ. ಸ್ಥಿತಿ 'ಸ್ಟಾಪ್' ಆಯಿತು. ಮತ್ತೆ 'ಸ್ಟಾರ್ಟ್' ಎಂದಾಯಿತು. ಎರಡನೇ ಸಲ ಒತ್ತಲು ಹೋದರೆ ಪುಟವೇ ತೆರೆಯಲಿಲ್ಲ. ಆ ಬಡಪಾಯಿ ಸರ್ವರ್ ಒಮ್ಮೆಗೆ ನಾಲ್ಕೈದು ಸಂಪರ್ಕಗಳಿಗಷ್ಟೇ ಉತ್ತರಿಸಬಲ್ಲದು. ಹೊರಗಿನಿಂದ ಯಾರೋ ನುಗ್ಗಿ ಎಲ್ಲವನ್ನೂ ಹಿಡಿದು ಕೂತಿದ್ದರು. ನೆಟ್‌ವರ್ಕ್ ಕಿತ್ತರೂ, ಬಂದ ಆದೇಶ ಕಂಟ್ರೋಲರಿನಲ್ಲೇ ಉಳಿಯುತ್ತದೆ. ಅದು ಕೆಲವು ನಿಮಿಷ ಗಾಳಿಯನ್ನು ಅಳೆದು ನೋಡಿ, ಆಮೇಲೆ ಬ್ರೇಕ್ ಬಿಡುತ್ತದೆ.

ಇನ್ನು ಉಳಿದದ್ದು ಬುಡದಲ್ಲಿರುವ ಕೆಂಪು ಗುಂಡಿ ಮಾತ್ರ. ಅದನ್ನು ಒತ್ತಿದರೆ ಯಾವ ತಂತ್ರಾಂಶದ ಆಟವೂ ನಡೆಯುವುದಿಲ್ಲ. ಅವರಿಬ್ಬರ ವಾಕಿಟಾಕಿ ಆಗ ಕಂಟ್ರೋಲ್ ರೂಮಿನವರೆಗೆ ಮುಟ್ಟುತ್ತಿರಲಿಲ್ಲ, ಮೇಲೆ ಹತ್ತುವವನು ಫೋನನ್ನು ಕೆಳಗೇ ಇಡುತ್ತಿದ್ದ. ಓಬಳೇಶನಿಗೆ ಫೋನ್ ಮಾಡಿದೆ. ನಾಟ್ ರೀಚಬಲ್! ಉಕ್ಕಿನ ಕಂಬದೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಿಗ್ನಲ್ ಸಿಗುವುದಿಲ್ಲ. ಆ ಹೊತ್ತಿಗೆ ಕುರಿಗಳೆಲ್ಲ ಕಂಬದ ನೆರಳಿಗೆ ಬಂದು, ತಂಪೆಂದು ಒಳಗೂ ನುಗ್ಗುತ್ತವೆ. ಅದಕ್ಕೇ ಬಾಗಿಲು ಹಾಕಿಕೊಂಡಿರಬೇಕು.

ಕುರಿ ಎಂದಾಗ ಕರಿಯಣ್ಣ ನೆನಪಾದರು. ಗುಡ್ಡದಲ್ಲಿ ಕುರಿ ಮೇಯಿಸುವ ಹಿರಿಯರು. ಫ್ಯಾನಿನ ಸದ್ದು ಬದಲಾದರೆ ನಮಗೆ ಮೊದಲು ಫೋನ್ ಬರುತ್ತಿದ್ದದ್ದು ಅವರಿಂದಲೇ.

"ಕರಿಯಣ್ಣ, ಓಬಳೇಶ ಎಲ್ಲಿ?"

"ಕಂಬದೊಳಗವ್ನೆ ಕಣವ್ವ, ಬಾಗ್ಲಾಕ್ಕಂಡು. ಯಾಕವ್ವ?"

"ಓಡ್ರಿ! ಬಾಗ್ಲು ಬಡೀರಿ. ಕೆಂಪು ಗುಂಡಿ ಒತ್ತಾಕೆ ಹೇಳ್ರಿ. ಏನೂ ಕೇಳಬೇಡ್ರಿ, ಓಡ್ರಿ!"

ಫೋನಿನಲ್ಲಿ ಅವರ ಏದುಸಿರು ಕೇಳಿಸಿತು, ಕುರಿಗಳ ಅರಚಾಟ ಕೇಳಿಸಿತು. ಆಮೇಲೆ ಬಾಗಿಲಿಗೆ ದೊಣ್ಣೆಯ ಏಟು. "ಲೇ ಓಬಳೇಶ! ಕೆಂಪ್ ಗುಂಡಿ ಒತ್ತಂತೆ ಕಣಲೇ!"

ಕೊನೆಗೆ ಓಬಳೇಶನ ದನಿ ಬಂತು. "ಒತ್ತಿದೀನಿ ಮೇಡಂ. ಏನಾತು?"

"ತಿಪ್ಪೇಸ್ವಾಮಿ?"

ಅವನು ವಾಕಿಟಾಕಿಯಲ್ಲಿ ವಿಚಾರಿಸಿದ. "ಕೈ ಇನ್ನೂ ಒಳಗೇ ಐತಂತೆ. ಕೆಲ್ಸದ ಮಧ್ಯೆ ಯಾಕಲೇ ಗುಂಡಿ ಒತ್ತಿದೆ ಅಂತ ಬೈತಾವ್ನೆ."

"ಬೈಲಿ ಬಿಡಪ್ಪ. ಮೊದ್ಲು ಕೈ ತೆಗಿಯಾಕೆ ಹೇಳು." ಅಷ್ಟು ಹೇಳಿ ಫೋನಿಟ್ಟವಳು, ಮೇಜಿಗೆ ತಲೆಯಾನಿಸಿ ಗಳಗಳ ಅತ್ತುಬಿಟ್ಟೆ.

ಅತ್ತು ಮುಗಿಸಿ, ಯಾರನ್ನೂ ಕೇಳದೆ ಗುಡ್ಡದ ಅಷ್ಟೂ ಫ್ಯಾನುಗಳನ್ನು ನಿಲ್ಲಿಸಿ, ಇಂಟರ್ನೆಟ್ ತಂತಿಯನ್ನು ಕಿತ್ತು ಹಾಕಿದೆ. ಮ್ಯಾನೇಜರ್ ಫೋನಿನಲ್ಲೇ ಕೂಗಾಡಿದರು. "ಎಷ್ಟು ಯೂನಿಟ್ ಲಾಸು ಗೊತ್ತೇನ್ರಿ ನಿಮಗೆ?"

"ಗೊತ್ತಿಲ್ಲ ಸಾರ್. ತಿಪ್ಪೇಸ್ವಾಮಿಗೆ ಹತ್ತೂ ಬೆರಳವೆ, ಅಷ್ಟು ಗೊತ್ತು."

ಆಮೇಲೆ ಸರ್ವರಿಗೆ ಬಂದ ಆದೇಶಗಳ ದಾಖಲೆ, ಲಾಗ್, ತೆಗೆದು ನೋಡಿದೆವು. ನಮ್ಮ ಮೇಲೆ ಹಗೆಯಿದ್ದವರು ಯಾರೂ ಅಲ್ಲ. ಇಂಟರ್ನೆಟ್ಟಿನಲ್ಲಿ ಅಲೆಯುತ್ತ, ಸಿಕ್ಕ ಪುಟದ ಸಿಕ್ಕ ಕೊಂಡಿಗಳನ್ನೆಲ್ಲ ಒತ್ತಿ ನೋಡುವ ಒಂದು ರೋಬೋ ಪ್ರೋಗ್ರಾಂ, ಅಷ್ಟೇ. ಪುಟದಲ್ಲಿ ಬಟನ್ ಮಸುಕಾಗಿದ್ದರೂ ಅದರ ಹಿಂದಿನ ಆದೇಶಕ್ಕೆ ದಾರಿ ತೆರೆದೇ ಇತ್ತು. ಸರ್ವರ್ ಪಾಸ್‌ವರ್ಡನ್ನೂ ಕೇಳಿರಲಿಲ್ಲ, ರಿಪೇರಿ ಸ್ವಿಚ್ಚನ್ನೂ ನೋಡಿರಲಿಲ್ಲ. ಅದು ತಿಳಿದಾಗ ನನಗೆ ಇನ್ನಷ್ಟು ಭಯವಾಯಿತು. ಬೈಯಲು ಒಬ್ಬ ಶತ್ರುವಾದರೂ ಬೇಡವೇ?

ಹೊಸ ಆವೃತ್ತಿ ಹಾಕಿದೆವು, ಪುಟಗಳು ಇಂಟರ್ನೆಟ್ಟಿನಿಂದ ಒಳಗೆ ಸರಿದವು. ನಾನು ಹಟ ಹಿಡಿದು ಇನ್ನೊಂದನ್ನೂ ಮಾಡಿಸಿದೆ. ಪ್ರತಿ ಫ್ಯಾನಿನ ಮೇಲುಗಡೆ, ಕೆಲಸಗಾರನ ಕೈಗೆ ಸಿಗುವ ಹಾಗೆ ಒಂದು ಬೀಗದ ಸ್ವಿಚ್. ಅದನ್ನು ತಿರುಗಿಸಿದರೆ ಬ್ರೇಕ್ ಬಿಡಿಸುವ ತಂತಿಯ ಕರೆಂಟೇ ಕಡಿದುಹೋಗುತ್ತದೆ. ಅದರ ಕೀಲಿ ಹತ್ತಿದವನ ಜೇಬಿನಲ್ಲೇ ಇರಬೇಕು. ಯಂತ್ರದೊಳಗೆ ಯಾರ ಕೈಯಿದೆಯೋ ಅದನ್ನು ತಡೆಯುವ ಹಕ್ಕೂ ಅವನದೇ. ನನ್ನ ಕೆಲಸ ನನಗೆ ಕಲಿಸಿದ್ದು ಇದೊಂದೇ.

ಈಗಲೂ ಮೇಲೆ ಹತ್ತಿದ ಕೂಡಲೇ ತಿಪ್ಪೇಸ್ವಾಮಿ ಕೀಲಿ ತಿರುಗಿಸಿ, ಈಗ ನನ್ನವರೆಗೂ ಮುಟ್ಟುವ ವಾಕಿಟಾಕಿಯಲ್ಲಿ ಕೂಗುತ್ತಾನೆ: "ಕಟ್ ಮಾಡಿದೀನಿ ಮೇಡಂ. ಇನ್ನು ನೀವು ಹೇಳಿದ್ರೂ ತಿರುಗಲ್ಲ."